ಕೌದಿಯ ಪಟ್ಟಿಗಳು ಬಿಲ್ಲಿನ ಹಾಗೆ ಬಾಗಿದರೆ

ಪ್ರಶ್ನೆ: ಅಕ್ಕಾ, ಮಗಳ ಬಾಣಂತನಕ್ಕೆಂದು ಕೂಸಿಗೆ ಕೌದಿ ಹೊಲಿಯುತ್ತಿದ್ದೇನೆ. ಹಳೆ ಕಾಟನ್ ಸೀರೆಗಳಿಂದ 3 ಇಂಚು ಅಗಲ, 40 ಇಂಚು ಉದ್ದದ 12 ಪಟ್ಟಿ ಕತ್ತರಿಸಿ ಮಷಿನ್‌ನಲ್ಲಿ ಜೋಡಿಸಿದೆ. ಈಗ ಇಡೀ ಬಟ್ಟೆ ಒಂದು ಕಡೆ ಬಿಲ್ಲಿನ ಹಾಗೆ ಬಾಗಿದೆ, ನಡುವೆ ಉಬ್ಬಿದೆ. ಎಲ್ಲಾ ಬಿಚ್ಚಬೇಕಾ?
— ಓದುಗರು, ಗದಗ

ಉತ್ತರ: ಬೇಡ, ಬೇಡ. 11 ಹೊಲಿಗೆಗಳಲ್ಲಿ 5 ಬಿಚ್ಚಿದರೆ ಸಾಕು. ಎರಡು, ನಾಲ್ಕು, ಆರು, ಎಂಟು, ಹತ್ತನೆಯದು. ಜೋಡಿ ಪಟ್ಟಿಗಳ 6 ತುಂಡು ಉಳಿಯುತ್ತವೆ.

ನೀವು ಪ್ರತಿ ಸಲವೂ ಒಂದೇ ತುದಿಯಿಂದ ಹೊಲಿಗೆ ಶುರು ಮಾಡಿದ್ದೀರಿ, ಅಲ್ವಾ? ಸೂಜಿಯ ಕೆಳಗಿರುವ ಮಷಿನ್ನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮುಂದೆ ಎಳೆಯುತ್ತದೆ. ಮೇಲಿನದನ್ನು ಸೂಜಿಯ ಪಕ್ಕದ ಲೋಹದ ಪಾದ ಒತ್ತಿ ಹಿಡಿಯುತ್ತದೆ. ಒಂದು ಹೊಲಿಗೆಯಲ್ಲಿ ಇದು ನೂಲಿನಷ್ಟು ವ್ಯತ್ಯಾಸ. ಎಲ್ಲವೂ ಒಂದೇ ಕಡೆ ಸೇರುತ್ತಾ ಹೋದರೆ ಬಿಲ್ಲು. ಹಾಗಾಗಿ ಬಿಚ್ಚಿದ ಐದನ್ನೂ ಈಗ ಎದುರು ತುದಿಯಿಂದ ಹೊಲಿಯಿರಿ. ಮೊದಲು ನಡುವಿಗೆ ಒಂದು ಪಿನ್ನು, ಆಮೇಲೆ ಎರಡು ತುದಿಗೆ, ಆಮೇಲೆ ಈ ಪಿನ್ನುಗಳ ನಡುನಡುವೆ. ಬಟ್ಟೆಯನ್ನು ಹಿಂದಿನಿಂದ ಎಳೆಯಲೇಬೇಡಿ. ಪಾದದ ಒತ್ತಡವನ್ನೂ ಸ್ವಲ್ಪ ಸಡಿಲ ಮಾಡಿ.

ಉಬ್ಬಿಗೆ ಕಾರಣ ಬೇರೆ ಇರಬಹುದು. ಕೆಲವು ಪಟ್ಟಿ ಸೀರೆಯ ಉದ್ದಕ್ಕೆ, ಕೆಲವು ಅಗಲಕ್ಕೆ ಕತ್ತರಿಸಿದ್ದೀರಾ? ಸೀರೆಯ ಉದ್ದಕ್ಕೆ ಹಾಸಿನ ನೂಲು, ಅಗಲಕ್ಕೆ ಹೊಕ್ಕಿನ ನೂಲು. ಹಾಸು ಜಗ್ಗುವುದು ಕಡಿಮೆ, ಹೊಕ್ಕು ಜಾಸ್ತಿ. ಒಂದು ಪಟ್ಟಿಯ ಎರಡು ತುದಿ ಹಿಡಿದು ಮೆಲ್ಲಗೆ ಜಗ್ಗಿ ನೋಡಿ, ಕೈಗೇ ತಿಳಿಯುತ್ತದೆ. ನಾನು ಮೊದಲ ಕೌದಿಯಲ್ಲಿ ಇದನ್ನು ನೋಡದೆ, ಅವ್ವನ ಕೆಂಪು ಸೀರೆಯನ್ನು ಅಗಲಕ್ಕೆ ಕತ್ತರಿಸಿದ್ದೆ. ಆ ಕೆಂಪು ಪಟ್ಟಿ ಅಲೆಯಲೆಯಾಗಿ ನಿಂತುಬಿಟ್ಟಿತು. ಈಗ ಎಲ್ಲ ಪಟ್ಟಿಯನ್ನೂ ಉದ್ದಕ್ಕೇ ಕತ್ತರಿಸುತ್ತೇನೆ. ಬೆರೆಸಲೇಬೇಕಾದರೆ ಜಗ್ಗುವ ಪಟ್ಟಿಯನ್ನು ಕೆಳಗಿಟ್ಟು ಹೊಲಿಯಿರಿ, ಹಲ್ಲು ಅದನ್ನು ಒಳಗೆ ತಳ್ಳಿ ಸರಿಮಾಡುತ್ತದೆ.

ಕತ್ತರಿಗಿಂತ ಹರಿಯುವುದು ಮೇಲು. ಅಂಚಿಗೆ ಚಿಕ್ಕ ಕಚ್ಚು ಹಾಕಿ ಹರಿದರೆ ಕಾಟನ್ ನೂಲಿನ ನೇರಕ್ಕೇ ಹೋಗುತ್ತದೆ. ತುದಿಯಲ್ಲಿ ಬಿಚ್ಚಿಕೊಂಡ ನೂಲು ಹೊಲಿಗೆಯೊಳಗೆ ಮುಚ್ಚಿಹೋಗುತ್ತದೆ.

ಇಸ್ತ್ರಿ ಮಾತ್ರ ಮರೆಯಬೇಡಿ, ಬಹಳ ಜನ ಇಲ್ಲೇ ಕೆಡಿಸುತ್ತಾರೆ. ಪೆಟ್ಟಿಗೆಯನ್ನು ಸರಸರ ಎಳೆದರೆ ಪಟ್ಟಿ ಮತ್ತೆ ಜಗ್ಗುತ್ತದೆ. ಸುಮ್ನೆ ಇಡಿ, ಎತ್ತಿ, ಪಕ್ಕಕ್ಕೆ ಇಡಿ. ಮೊದಲು ಹೊಲಿಗೆಯ ಮೇಲೆ ಹಾಗೇ ಒತ್ತಿ. ಆಮೇಲೆ ಪಟ್ಟಿ ಬಿಡಿಸಿ, ಒಳಗಿನ ಅಂಚನ್ನು ಒಂದೇ ಕಡೆ ಮಡಚಿ ಒತ್ತಿ. ಪ್ರತಿ ಹೊಲಿಗೆಗೂ ಹೀಗೇ.

ಮುಗಿದ ಮೇಲೆ ನೆಲದ ಟೈಲ್ಸ್ ಗೆರೆಗೆ ಒಂದು ಅಂಚು ಹೊಂದಿಸಿ ಹಾಸಿ. ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಗೆ ಹಾಕಿದ್ದರೆ ಅಗಲ ಮೂವತ್ತೂವರೆ ಇಂಚು ಬರಬೇಕು. ಮೇಲೆ, ನಡುವೆ, ಕೆಳಗೆ ಮೂರೂ ಕಡೆ ಅಳೆಯಿರಿ. ಅರ್ಧ ಇಂಚಿನ ಒಳಗಿನ ವ್ಯತ್ಯಾಸವನ್ನು ಅಂಚಿನಲ್ಲಿ ಕತ್ತರಿಸಿ ಸರಿಮಾಡಿ, ಆಮೇಲೆ ಕೆಳಗಿನ ಬಟ್ಟೆ ಹಾಸಿ ಕೈಹೊಲಿಗೆ ಶುರು ಮಾಡಿ.