ಮಾತೇ ಆಡದ ಗಣಿ ಕಾರ್ಮಿಕ ತಾತನ ನೆನಪುಗಳನ್ನು ದಾಖಲಿಸುವುದು ಹೇಗೆ?

ಕ್ಯಾಮೆರಾ ಕೊಳ್ಳಬೇಡಿ. ಕೆಜಿಎಫ್‌ನ (ಕೋಲಾರದ) ಚಿನ್ನದ ಗಣಿಯಲ್ಲಿ ದುಡಿದ ನಿಮ್ಮ ತಾತ ಮಾತೇ ಆಡುವುದಿಲ್ಲ, ಯಾವ ಕ್ಯಾಮೆರಾ ಇಟ್ಟು ಏನು ಕೇಳಿದರೆ ಬಾಯಿ ಬಿಡುತ್ತಾರೆ ಎಂದು ಕೇಳಿದ್ದೀರಿ. ನಮ್ಮ ತಾತನೂ ಅಲ್ಲೇ ನೆಲದಡಿ ಕೆಲಸ ಮಾಡಿದವರು. ಅವರ ಬಗ್ಗೆಯೂ ಮನೆಯಲ್ಲಿ ಎಲ್ಲರೂ ಇದನ್ನೇ ಹೇಳುತ್ತಿದ್ದರು. ಅವರು ಮಾತಾಡಲು ತಯಾರಿದ್ದರು, ನಾನೇ ಬಿಡಲಿಲ್ಲ.

ಒಟ್ಟು ಹನ್ನೊಂದು ಸಲ ಅವರ ಮಾತು ರೆಕಾರ್ಡ್ ಮಾಡಿದ್ದೆ. ಮೂರನೇ ಸಲ ಏರ್ ಬ್ಲಾಸ್ಟ್ ಬಗ್ಗೆ ಕೇಳಿದೆ. ಆಳದಲ್ಲಿ ಒತ್ತಡ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದಕ್ಕೆ ಅಲ್ಲಿಯವರು ಹೇಳುವ ಹೆಸರು ಅದು. "ಅವತ್ತು ನೈಟ್ ಶಿಫ್ಟು" ಅಂದರು, ಸುಮ್ಮನಾದರು. ಸ್ವಲ್ಪ ಹೊತ್ತು ಕಾದು "ಭಯ ಆಯ್ತಾ ತಾತಾ?" ಅಂದೆ. "ಹೂಂ" ಅಂದರು. ಆ ಕಥೆ ಮತ್ತೆಂದೂ ಅವರ ಬಾಯಿಂದ ಬರಲಿಲ್ಲ.

ಅವರು ತೀರಿಕೊಂಡ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ನಾನು ಕಾದಿದ್ದು ಬರೀ ಆರು ಸೆಕೆಂಡು. ಆರನೇ ಸೆಕೆಂಡಿನಲ್ಲಿ ಅವರು ಉಸಿರು ಎಳೆದುಕೊಳ್ಳುವ ಸದ್ದಿದೆ, "ನಾ..." ಎಂದು ಮಾತು ಶುರುವಾಗಿದೆ, ಅದರ ಮೇಲೆಯೇ ನನ್ನ ಪ್ರಶ್ನೆ ಬಿದ್ದಿದೆ. ಹನ್ನೊಂದು ರೆಕಾರ್ಡಿಂಗ್‌ಗಳಲ್ಲೂ ಹೀಗೆಯೇ ಮಾಡಿದ್ದೇನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವೂ ಇದನ್ನೇ ಮಾಡುತ್ತೀರಿ. ಆರೋಗ್ಯವಂತರು ಎರಡು ಮೂರು ಸೆಕೆಂಡು ಸುಮ್ಮನಾದರೆ ಮಾತು ಮುಗಿಯಿತು ಎಂದು ನಮ್ಮ ಕಿವಿಗೆ ಅಭ್ಯಾಸವಾಗಿದೆ. ಗಣಿಯಲ್ಲಿ ಬಂಡೆ ಕೊರೆದವರ ಲೆಕ್ಕ ಬೇರೆ. ಚಿನ್ನ ಇರುವುದು ಬೆಣಚುಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದೊಳಗೆ ಕೂತು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. ಅದು ಇದ್ದವರಿಗೆ ಒಂದು ವಾಕ್ಯಕ್ಕೆ ಎರಡು ಉಸಿರು ಬೇಕು. ಜೊತೆಗೆ ಡ್ರಿಲ್ಲಿನ ಸದ್ದಿನಲ್ಲಿ ಕಿವಿ ಮಂದವಾಗಿರುತ್ತದೆ, ಪ್ರಶ್ನೆ ತಲೆಗೆ ಹೋಗಲು ಹೊತ್ತು ಹಿಡಿಯುತ್ತದೆ. ಅಂದರೆ ನಾನು ಮೌನ ಅಂದುಕೊಂಡದ್ದರಲ್ಲಿ ಅರ್ಧ ಕೇಳಿಸಿಕೊಳ್ಳಲು ಹಿಡಿದ ಹೊತ್ತು, ಅರ್ಧ ಉಸಿರು ಕೂಡಿಸಿಕೊಳ್ಳಲು ಹಿಡಿದ ಹೊತ್ತು. ಇನ್ನು "ಭಯ ಆಯ್ತಾ" ಅನ್ನುವ ಪ್ರಶ್ನೆಯಲ್ಲಿ ಉತ್ತರವನ್ನು ನಾನೇ ಕೊಟ್ಟುಬಿಟ್ಟಿದ್ದೆ. ಅವರಿಗೆ ಉಳಿದದ್ದು "ಹೂಂ" ಮಾತ್ರ.

ಆದ್ದರಿಂದ ಅವರು ನಿಲ್ಲಿಸಿದ ಮೇಲೆ ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಿ. ಬಹಳ ಉದ್ದ ಅನ್ನಿಸುತ್ತದೆ, ಆದರೂ ಎಣಿಸಿ. "ಹಾಂ ಹಾಂ" ಅನ್ನಬೇಡಿ, ತಲೆ ಆಡಿಸಿದರೆ ಸಾಕು. ಚೆನ್ನಾಗಿ ಕೇಳಿಸುವ ಕಿವಿಯ ಕಡೆ ಕೂತುಕೊಳ್ಳಿ. ಮಲಗಿಸಿಕೊಂಡು ಮಾತಾಡಿಸಬೇಡಿ, ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಿ. ಅರ್ಧ ಗಂಟೆಗಿಂತ ಹೆಚ್ಚು ಬೇಡ. ಕೆಮ್ಮು ಹತ್ತಿದರೆ ಅವತ್ತಿಗೆ ಮುಗಿಯಿತು.

"ನಿಮ್ಮ ಜೀವನದ ಬಗ್ಗೆ ಹೇಳಿ" ಎಂದು ಮಾತ್ರ ಕೇಳಬೇಡಿ. "ಹೋದೆ, ಬಂದೆ" ಅನ್ನುತ್ತಾರೆ. ಒಂದೇ ಒಂದು ಶಿಫ್ಟು ಹಿಡಿಯಿರಿ, ಮನೆ ಬಿಟ್ಟಾಗಿನಿಂದ ಸ್ನಾನ ಮಾಡುವವರೆಗೆ. ಟೋಕನ್ ಎಲ್ಲಿ ತಗೊಳ್ತಿದ್ರಿ? ಲ್ಯಾಂಪ್ ರೂಮಿನಲ್ಲಿ ಯಾರಿರ್ತಿದ್ರು? ಯಾವ ಶಾಫ್ಟು, ಎಷ್ಟನೇ ಲೆವೆಲ್ಲು? ಶಾಫ್ಟು ಅಂದರೆ ನೆಲದಡಿ ಇಳಿಯುವ ಬಾವಿಯಂಥ ದಾರಿ, ಲೆವೆಲ್ಲು ಅಂದರೆ ಅದರಿಂದ ಅಡ್ಡಕ್ಕೆ ಕೊರೆದ ಅಂತಸ್ತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಿಂದ 3 ಕಿಲೋಮೀಟರಿಗೂ ಕೆಳಗೆ ಇಳಿದಿತ್ತು. ತಳದವರೆಗೆ ಒಂದೇ ಕೇಜ್ (ಜನರನ್ನು ಇಳಿಸುವ, ಏರಿಸುವ ಲಿಫ್ಟ್) ಹೋಗುತ್ತಿರಲಿಲ್ಲ, ನಡುವೆ ಇಳಿದು ಇನ್ನೊಂದಕ್ಕೆ ಹತ್ತಬೇಕಿತ್ತು. ಅದಕ್ಕೇ "ಎಷ್ಟು ಕೇಜ್ ಬದಲಾಯಿಸ್ತಿದ್ರಿ?" ಎಂದು ಕೇಳಿದರೆ ಅವರು ಎಷ್ಟು ಆಳದಲ್ಲಿದ್ದರು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. "ಸೆಕೆ ಇತ್ತಾ?" ಅನ್ನಬೇಡಿ, "ಒಳಗೆ ಏನು ಹಾಕ್ಕೊಳ್ತಿದ್ರಿ, ನೀರು ಹೇಗೆ ಒಯ್ತಿದ್ರಿ?" ಅನ್ನಿ.

ಕೈಗೆ ಸಂಬಂಧಿಸಿದ್ದು ಕೇಳಿ. ಕೇಜ್ ಬೆಲ್ಲು ಹೇಗೆ ಹೊಡೀತಿದ್ರು ಅಂದಾಗ ನಮ್ಮ ತಾತ ಮಂಚದ ಕಬ್ಬಿಣದ ಪಟ್ಟಿಗೆ ಬೆರಳ ಗೆಣ್ಣಿನಿಂದ ಮೂರು ಸಲ ಬಡಿದು ತೋರಿಸಿದರು: ಜನ ಹತ್ತುತ್ತಾರೆ. ಎರಡು ಬಡಿದರು: ಇಳಿಸು. ಓಡುವ ಕೇಜಿಗೆ ಒಂದೇ ಪೆಟ್ಟು: ನಿಲ್ಲಿಸು. ಆಮೇಲೆ ಕೇಳದೆಯೇ, ಸಿಡಿಮದ್ದು ಹೊಡೆದು ಹೊಗೆ ಹೋದ ಮೇಲೆ ಸೂರಿನ ಬಂಡೆಗೆ ಹಾರೆಯಿಂದ ತಟ್ಟಿ ನೋಡುವುದನ್ನು ಹೇಳಿದರು. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಸಡಿಲ, ಅದನ್ನು ಕೆಡವದೆ ಅದರಡಿ ಕಾಲಿಡಬಾರದು. ಅವರ ರೆಕಾರ್ಡಿಂಗ್‌ಗಳಲ್ಲೆಲ್ಲ ಅತಿ ಉದ್ದದ ಮಾತು ಇದೇ, ನಾಲ್ಕು ನಿಮಿಷ.

ರೆಕಾರ್ಡಿಂಗಿಗೆ ನಿಮ್ಮ ಮೊಬೈಲೇ ಸಾಕು. ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲೆ, ಅವರ ಬಾಯಿಂದ ಒಂದು ಗೇಣು ದೂರದಲ್ಲಿಡಿ. ಫ್ಯಾನ್ ನಿಲ್ಲಿಸಿ. ಮೆಲುದನಿಯವರ ಮಾತನ್ನು ಫ್ಯಾನಿನ ಗಾಳಿ ನುಂಗಿದರೆ ಆಮೇಲೆ ಪೂರ್ತಿ ತೆಗೆಯಲು ಬರುವುದಿಲ್ಲ. ಸೆಕೆ ಇದ್ದರೆ ಬೆಳಗಿನ ಹೊತ್ತು ಕೂರಿ. ಮೊದಲ ಎರಡು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನಿನಲ್ಲಿ ಕೇಳಿ ನೋಡಿ ಮುಂದುವರಿಸಿ. ಸಾಮಾನ್ಯ ಎಂಪಿ3 ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 60 ಎಂಬಿ ಆಗುತ್ತದೆ, ಎರಡು ಕಡೆ ಪ್ರತಿ ಇಡುವುದು ಕಷ್ಟವಲ್ಲ. ಬರೆದುಕೊಳ್ಳುವಾಗ ತಮಿಳು, ತೆಲುಗು, ಇಂಗ್ಲಿಷ್ ಬೆರೆತ ಅವರ ಗಣಿ ಮಾತನ್ನು ತಿದ್ದಬೇಡಿ.

ಟ್ರಂಕಿನಲ್ಲಿರುವ ಕಾಗದಗಳನ್ನೂ ನೋಡಿ. ಸಂಬಳದ ಚೀಟಿಯ ತಲೆಬರಹವೇ ಕಾಲ ಹೇಳುತ್ತದೆ: 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ, 2001ರ ಫೆಬ್ರವರಿ 28ಕ್ಕೆ ಮುಚ್ಚಿದವು. ಇಸವಿ ಕೇಳಿದರೆ ತಡವರಿಸುವವರು, ಕೈಗೆ ಚೀಟಿ ಕೊಟ್ಟರೆ ಜೊತೆಗಿದ್ದವರ ಹೆಸರುಗಳನ್ನೇ ಹೇಳಿಬಿಡುತ್ತಾರೆ. ಎದೆಯ ಎಕ್ಸ್‌ರೇ ಇದ್ದರೆ ಮಡಿಸಬೇಡಿ. ಹಗಲಲ್ಲಿ ಕಿಟಕಿ ಗಾಜಿಗೆ ಬಿಳಿ ಹಾಳೆ ಅಂಟಿಸಿ, ಅದರ ಮೇಲಿಟ್ಟು, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ.

ಜೊತೆಗೆ ಅವರ ಗ್ಯಾಂಗಿನಲ್ಲಿದ್ದವರು ಯಾರಾದರೂ ಬದುಕಿದ್ದರೆ ಒಮ್ಮೆ ಮನೆಗೆ ಕರೆಸಿ. ಇಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಮೊಬೈಲ್ ಇಟ್ಟು, ನೀವು ಎದ್ದು ಹೊರಗೆ ಹೋಗಿ.