ರಜೆ ಅರ್ಜಿ ತರುವ ಟೂಲ್‌ನ ದಾಖಲೆಯಲ್ಲಿ ದಿನಾಂಕಗಳ ವಿವರಣೆ

ನೌಕರರ ರಜೆ ಅರ್ಜಿಗಳನ್ನು ತೆಗೆದುಕೊಡುವ ಸಾಫ್ಟ್‌ವೇರ್ ಟೂಲ್‌ಗೆ ದಾಖಲೆ (ಅದು ಹೇಗೆ ಕೆಲಸ ಮಾಡುತ್ತದೆಂಬ ವಿವರಣೆ) ಬರೆಯುವಾಗ ‘ಆರಂಭ’, ‘ಅಂತ್ಯ’ ದಿನಾಂಕಗಳನ್ನು ಎಷ್ಟು ವಿವರಿಸಬೇಕೆಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಜಾಗ ಅದಕ್ಕೇ ಸಲ್ಲಬೇಕು. ಹಾಸನದ ನಮ್ಮ ಕಚೇರಿಯಲ್ಲಿ, ಹಾಸನಾಂಬೆಯ ದರ್ಶನಕ್ಕೆಂದು ಅಕ್ಟೋಬರ್ 30ರಿಂದ ನವೆಂಬರ್ 3ರವರೆಗೆ ರಜೆ ಕೇಳಿದ್ದ ಸಹೋದ್ಯೋಗಿಯೊಬ್ಬರ ಅರ್ಜಿ, ನವೆಂಬರ್ ತಿಂಗಳಿಗೆಂದು ಹುಡುಕಿದಾಗ ಸಿಗಲೇ ಇಲ್ಲ. ಟೂಲ್ ರಜೆ ಆರಂಭವಾಗುವ ದಿನವನ್ನಷ್ಟೇ ನೋಡುತ್ತಿತ್ತು, ದಾಖಲೆಯಲ್ಲಿ ಆ ಮಾತೇ ಇರಲಿಲ್ಲ. ಆದ್ದರಿಂದ, ಹುಡುಕುವ ಅವಧಿಯೊಳಗೆ ರಜೆಯ ಒಂದೇ ದಿನ ಬಿದ್ದರೂ ಅರ್ಜಿ ಬರುತ್ತದೆಯೇ ಎಂಬುದನ್ನು ಇಂಥದೇ ಉದಾಹರಣೆ ಕೊಟ್ಟು ಬರೆಯಿರಿ. ನಮ್ಮ ಮಧ್ಯರಾತ್ರಿಯೆಂದರೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯದಲ್ಲಿ) ಹಿಂದಿನ ದಿನದ 18:30 ಆಗಿರುವುದರಿಂದ, ಸಮಯವಲಯ ನಮೂದಿಸದಿದ್ದರೆ ರಜೆಯೇ ಒಂದು ದಿನ ಹಿಂದೆ ಸರಿದು ಕಾಣಬಹುದು. ಅರ್ಧ ದಿನದ ರಜೆಗೆ, ರದ್ದಾದ ಅರ್ಜಿಗಳಿಗೆ ಒಂದೊಂದು ಸಾಲು ಸಾಕು.