ಉಪ್ಪಿಲ್ಲದ ಸಾರು

ಮಾನ್ಯರೇ,

ನಿಮ್ಮ ಕತೆಯನ್ನು ‘ಪಾತ್ರಗಳಿಗೆ ಜೀವ ಬಂದಿಲ್ಲ’ ಎಂಬ ಒಂದೇ ಸಾಲಿನೊಡನೆ ಹಿಂದಿರುಗಿಸಿದ್ದಕ್ಕೆ ನೊಂದು ಬರೆದಿದ್ದೀರಿ. ಆರಂಭಿಸುವ ಮುನ್ನವೇ ನಿವೃತ್ತ ಪೋಸ್ಟ್‌ಮಾಸ್ಟರರ ವಯಸ್ಸಿನಿಂದ ಹಿಡಿದು ಮೆಚ್ಚಿನ ತಿಂಡಿಯವರೆಗೆ ಎರಡು ಪುಟ ಟಿಪ್ಪಣಿ ಮಾಡಿಕೊಂಡಿದ್ದೆ, ಇನ್ನೇನು ಮಾಡಬೇಕಿತ್ತು ಎಂದು ಕೇಳಿದ್ದೀರಿ. ಒಂದೇ ಸಾಲಿನಲ್ಲಿ ಮುಗಿಸಿದ್ದು ನಮ್ಮ ತಪ್ಪು.

ಅಂಥ ಟಿಪ್ಪಣಿ ಬರೆಯುವವರ ನೆನಪಿಗೆ ಒದಗುತ್ತದೆ, ಬೇಡವೆನ್ನಲಾರೆ. ಆದರೆ ಇಕ್ಕಟ್ಟಿನಲ್ಲಿ ಒಬ್ಬರು ಏನು ಮಾಡಿದರು, ಸುತ್ತಲಿನವರು ಅದನ್ನು ಹೇಗೆ ಕಂಡರು ಎಂಬುದರಿಂದಲೇ ಓದುಗ ಅವರನ್ನು ಅರಿಯುತ್ತಾನೆ. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ (1965) ನಾರಣಪ್ಪ ಸತ್ತ ಸುದ್ದಿ ಆರಂಭದಲ್ಲೇ ಬರುತ್ತದೆ, ಆದರೂ ಅಗ್ರಹಾರದವರ ಬೈಗುಳ, ಭಯ, ಅಸೂಯೆಗಳ ನಡುವೆ ಅವನು ಬೆಳೆಯುತ್ತಲೇ ಹೋಗುತ್ತಾನೆ. ಶವಸಂಸ್ಕಾರದಿಂದ ಜಾರಿಕೊಳ್ಳುತ್ತಿದ್ದವರ ಮುಂದೆ, ನಾರಣಪ್ಪನೊಡನೆ ಬಾಳಿದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿಟ್ಟೊಡನೆ ಅಗ್ರಹಾರದ ಗರುಡ, ಲಕ್ಷ್ಮಣರಂಥವರ ಮಾತಿನ ವರಸೆಯೇ ತಿರುಗುತ್ತದೆ. ಅವರನ್ನು ಆಸೆಬುರುಕರೆಂದು ಲೇಖಕರು ಕರೆಯಬೇಕಾಗಿಲ್ಲ, ಚಿನ್ನವೇ ಕರೆಯುತ್ತದೆ.

ನಿಮ್ಮ ಕತೆಯ ನಾಲ್ಕನೆಯ ಪುಟದಲ್ಲಿ ಸೊಸೆ ಉಪ್ಪು ಹಾಕಲು ಮರೆತ ಸಾರನ್ನು ಬಡಿಸುತ್ತಾಳೆ (ಮರೆತದ್ದು ಎನ್ನುತ್ತೀರಿ, ನನಗೆ ಅನುಮಾನವಿದೆ). ಪೋಸ್ಟ್‌ಮಾಸ್ಟರರು ತುಟಿಪಿಟಕ್ಕೆನ್ನದೆ ಅರ್ಧ ಊಟಕ್ಕೇ ಎದ್ದು ಕೈತೊಳೆಯುತ್ತಾರೆ. ಇಡೀ ಕತೆಯಲ್ಲಿ ಅವರು ನನ್ನ ಕಣ್ಣಿಗೆ ಬಿದ್ದದ್ದು ಅಲ್ಲಿ ಮಾತ್ರ. ಮರುವಾಕ್ಯದಲ್ಲೇ ನೀವು ‘ಅವರದು ಬಹಳ ಸಾತ್ವಿಕ ಸ್ವಭಾವ’ ಎಂದು ಷರಾ ಬರೆದು ಅವರನ್ನು ಮತ್ತೆ ಟಿಪ್ಪಣಿಯೊಳಕ್ಕೆ ತಳ್ಳಿಬಿಟ್ಟಿರಿ. ಆ ಮೌನ ತಾಳ್ಮೆಯದೋ, ಸೊಸೆಗೆ ವಿಧಿಸಿದ ಶಿಕ್ಷೆಯೋ, ಅಥವಾ ಮೂವತ್ತು ವರ್ಷ ಊರವರ ಮುಚ್ಚಿದ ಲಕೋಟೆಗಳನ್ನು ಕಾದ ಮನುಷ್ಯನಿಗೆ ಏನನ್ನೂ ಬಾಯಿಬಿಡದಿರುವುದೇ ರೂಢಿಯಾಗಿತ್ತೋ? ಇದು ನಿಮಗೆ ಗೊತ್ತಿದ್ದರೆ ಸಾಕು, ಓದುಗನಿಗೆ ಬಿಡಿಸಿ ಹೇಳುವುದು ಬೇಡ.

ಸಂಭಾಷಣೆಯ ಬಗ್ಗೆ ಒಂದೇ ಮಾತು. ಧಾರವಾಡದ ಮನೆಯೆಂದು ಬರೆದಿದ್ದೀರಿ. ಆದರೆ ಹಾಲಿನ ಹುಡುಗನೂ ಆಕಾಶವಾಣಿಯ ವಾರ್ತೆ ಓದುವವರಂತೆ ಮಾತನಾಡುತ್ತಾನೆ. ‘ಮಾವಾರ, ಊಟಕ್ಕ ಬರ್ರಿ’ ಎಂದು ಸೊಸೆ ಒಮ್ಮೆಯಾದರೂ ಕರೆಯಲಿ.

ದೊಡ್ಡ ತಕರಾರಿರುವುದು ಆ ಸೊಸೆಯ ವಿಷಯದಲ್ಲೇ. ಬಡಿಸಿದ ಮೇಲೆ ಅವಳು ಕತೆಯಿಂದ ಮಾಯವಾಗುತ್ತಾಳೆ. ಮಾವ ಎದ್ದುಹೋದ ಮೇಲೆ ಅವಳೂ ತಟ್ಟೆ ಹಾಕಿಕೊಂಡು ಕೂತಿರಬೇಕಲ್ಲ, ಮೊದಲ ತುತ್ತಿಗೇ ಸಾರು ಸಪ್ಪೆಯೆಂದು ತಿಳಿದಿರಬೇಕಲ್ಲ. ಆಗ ಉಪ್ಪಿನ ಭರಣಿಗೆ ಕೈಚಾಚುತ್ತಾಳೋ, ಹಾಗೆಯೇ ಕಲಸಿ ಉಣ್ಣುತ್ತಾಳೋ? ಆ ಊಟವನ್ನೂ ಬರೆದು ಕತೆಯನ್ನು ಮತ್ತೆ ಕಳಿಸಿ.

— ಸಂಪಾದಕ